ಆರ್ಟ್ಸ್ ಪಿಯುಸಿಯಿಂದ ಸ್ಟಾಫ್ ನರ್ಸ್ ನೋಂದಣಿಯವರೆಗೆ: ಒಂದು ಪ್ರಕರಣ ಅಧ್ಯಯನ

ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಹುಡುಗಿ. ಕನ್ನಡ ಮಾಧ್ಯಮದಲ್ಲಿ ಓದಿ, ದ್ವಿತೀಯ ಪಿಯುಸಿಯನ್ನು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ತೆಗೆದುಕೊಂಡು 58% ಅಂಕಗಳಲ್ಲಿ ಪಾಸು ಮಾಡಿದ್ದಾಳೆ. ತಂದೆಗೆ ಎರಡು ಎಕರೆ ಗೋವಿನಜೋಳದ ಹೊಲ, ತಾಯಿ ಆಶಾ ಕಾರ್ಯಕರ್ತೆ. ನರ್ಸ್ ಆಗಬೇಕೆಂಬುದು ಹುಡುಗಿಯ ಗಟ್ಟಿ ನಿರ್ಧಾರ. ಫಲಿತಾಂಶ ಬಂದ ವಾರದಲ್ಲೇ ಬೆಂಗಳೂರಿನಿಂದ ಪ್ರವೇಶ ಕೊಡಿಸುವ ಏಜೆಂಟನೊಬ್ಬನ ಫೋನ್ ಬಂತು: ಬಿಎಸ್ಸಿ ನರ್ಸಿಂಗ್ ಸೀಟಿದೆ, ಆರ್ಟ್ಸ್ ಆದರೂ ನಡೆಯುತ್ತದೆ, 25,000 ಮುಂಗಡ ಕಟ್ಟಿ, ಮೂಲ ಅಂಕಪಟ್ಟಿ ಕಳಿಸಿ, ಮೊದಲ ವರ್ಷದ ಹಾಸ್ಟೆಲ್ ಉಚಿತ.

ಈ ವಿದ್ಯಾರ್ಥಿನಿ ನಿರ್ದಿಷ್ಟ ಒಬ್ಬ ವ್ಯಕ್ತಿಯಲ್ಲ. ಪ್ರತಿ ವರ್ಷ ಜೂನ್-ಜುಲೈನಲ್ಲಿ ಎದುರಾಗುವ ಪರಿಸ್ಥಿತಿಗಳನ್ನು ಒಂದೇ ಪ್ರಕರಣವಾಗಿ ಕಟ್ಟಿ, ಪ್ರವೇಶದಿಂದ ನೋಂದಣಿಯವರೆಗೆ ಮತ್ತು ಅದರಾಚೆಗೆ ಎಲ್ಲೆಲ್ಲಿ ಹೆಜ್ಜೆ ತಪ್ಪುತ್ತದೆ ಎಂಬುದನ್ನು ತೋರಿಸಲು ಬರೆದಿದ್ದೇವೆ. ಹಣದ ಮೊತ್ತ, ದಿನಗಳ ಲೆಕ್ಕ ಈ ಪ್ರಕರಣಕ್ಕೆ ಸೀಮಿತ. ನಿಯಮಗಳು ಮಾತ್ರ ಎಲ್ಲರಿಗೂ ಅನ್ವಯಿಸುತ್ತವೆ.

ಮೊದಲ ಪ್ರಶ್ನೆ: ಯಾವ ಬಾಗಿಲು ತೆರೆದಿದೆ

ತಾಯಿ ಮೊದಲು ಕೇಳಿದ್ದು ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಸ್ಟಾಫ್ ನರ್ಸನ್ನು. "ಅಕ್ಕಾರ, ಆರ್ಟ್ಸ್ ಓದಿದಾಕಿಗೆ ಬಿಎಸ್ಸಿ ನರ್ಸಿಂಗ್ ಸಿಗತೈತೇನ್ರಿ?" ಉತ್ತರ ನೇರವಾಗಿತ್ತು: "ಬಿಎಸ್ಸಿ ಆಗಂಗಿಲ್ಲವಾ. ಜಿಎನ್‌ಎಂ ಆಗತೈತಿ. ದುಡ್ಡು ಕೊಟ್ಟೀರಿ ಮತ್ತ, ಈಗ ಕೊಡಬ್ಯಾಡ್ರಿ."

ಆ ಉತ್ತರ ಸರಿಯಾಗಿದೆ. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಲೇಬೇಕು. ಸಾಮಾನ್ಯ ವರ್ಗಕ್ಕೆ ಒಟ್ಟು 45%, ಪರಿಶಿಷ್ಟ ಜಾತಿ-ಪಂಗಡಕ್ಕೆ 40% ಅಂಕ ಬೇಕು, 17 ವರ್ಷ ತುಂಬಿರಬೇಕು. ಕರ್ನಾಟಕದಲ್ಲಿ 2023ರಿಂದ ಈ ಕೋರ್ಸು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯ ವ್ಯಾಪ್ತಿಗೂ ಬಂದಿದೆ. ವಿಜ್ಞಾನ ಓದದವರನ್ನು ಯಾವ ಕಾಲೇಜು "ಸೇರಿಸಿಕೊಂಡರೂ" ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆ ಪ್ರವೇಶಕ್ಕೆ ಅನುಮೋದನೆ ಕೊಡುವುದಿಲ್ಲ. ವಿದ್ಯಾರ್ಥಿನಿ ತರಗತಿಯಲ್ಲಿ ಕೂರಬಹುದು, ಸಮವಸ್ತ್ರ ಹಾಕಬಹುದು. ಪರೀಕ್ಷೆಗೆ ಹಾಲ್ ಟಿಕೆಟ್ ಬರುವುದಿಲ್ಲ. ಸತ್ಯ ಗೊತ್ತಾಗುವಷ್ಟರಲ್ಲಿ ಒಂದು ವರ್ಷ ಕಳೆದಿರುತ್ತದೆ, ಕಟ್ಟಿದ ಹಣ ವಾಪಸ್ ಬರುವುದಿಲ್ಲ.

ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ, ಮೂರು ವರ್ಷದ್ದು. 2015-16ರ ಪರಿಷ್ಕರಣೆಗೆ ಮುನ್ನ ಇದು ಮೂರೂವರೆ ವರ್ಷ ಇತ್ತು. ಈಗ ಆರು ತಿಂಗಳ ಇಂಟರ್ನ್‌ಶಿಪ್ ಈ ಮೂರು ವರ್ಷದೊಳಗೇ ಸೇರಿದೆ. ಪಿಯುಸಿ ಯಾವ ವಿಭಾಗದ್ದಾದರೂ ಆಗುತ್ತದೆ, ವಿಜ್ಞಾನವಾದರೆ ಒಳ್ಳೆಯದು. ಇಂಗ್ಲಿಷ್ ಒಂದು ವಿಷಯವಾಗಿದ್ದು, ಕನಿಷ್ಠ 40% ಅಂಕ ಇರಬೇಕು. ವಯಸ್ಸು 17ರಿಂದ 35. ನಮ್ಮ ವಿದ್ಯಾರ್ಥಿನಿ ಈ ಎಲ್ಲ ಅರ್ಹತೆಗಳನ್ನೂ ಆರಾಮಾಗಿ ಪೂರೈಸುತ್ತಾಳೆ.

ಎರಡು ವರ್ಷದ ಎಎನ್‌ಎಂ ಕೂಡ ಅವಳಿಗೆ ತೆರೆದಿತ್ತು. ಬೇಗ ಮುಗಿಯುತ್ತದೆ, ಉಪಕೇಂದ್ರಗಳಲ್ಲಿ ಕೆಲಸವಿದೆ, ಗೌರವದ ಹುದ್ದೆ. ಆದರೆ ಎಎನ್‌ಎಂ ಮುಗಿಸಿದವರ ಹೆಸರು ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ಬೇರೆ ರಿಜಿಸ್ಟರಿಗೆ ಹೋಗುತ್ತದೆ. ಅವರು ಸಹಾಯಕ ನರ್ಸ್-ಸೂಲಗಿತ್ತಿಯಾಗಿ ನೋಂದಾಯಿತರು, "ಆರ್‌ಎನ್, ಆರ್‌ಎಂ" (ನೋಂದಾಯಿತ ನರ್ಸ್, ನೋಂದಾಯಿತ ಮಿಡ್‌ವೈಫ್) ಅಲ್ಲ. ಆಸ್ಪತ್ರೆಯ ಸ್ಟಾಫ್ ನರ್ಸ್ ಹುದ್ದೆಗೆ ಅದು ಸಾಲದು. ನೋಂದಾಯಿತ ಎಎನ್‌ಎಂ ಮುಂದೆ ಜಿಎನ್‌ಎಂಗೆ ಸೇರಬಹುದು, ಅವರಿಗೆ ವಯಸ್ಸಿನ ಮಿತಿಯೂ ಇಲ್ಲ. ಆದರೂ ಒಟ್ಟು ಐದು ವರ್ಷ ಬೇಕು. ಮನೆಯಲ್ಲಿ ತಕ್ಷಣ ದುಡಿಮೆ ಬೇಕೇ ಬೇಕು ಎಂಬಂಥ ಸ್ಥಿತಿಯಲ್ಲಿ ಮಾತ್ರ ಈ ದಾರಿ ಹಿಡಿಯಿರಿ ಎನ್ನುತ್ತೇವೆ.

ಇನ್ನೊಂದು ದಾರಿಯೂ ಇದೆ, ಹೇಳುವವರು ಕಡಿಮೆ. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ವಿಜ್ಞಾನ ವಿಷಯಗಳಲ್ಲೇ 12ನೇ ತರಗತಿ ಪಾಸು ಮಾಡಿದರೂ ಬಿಎಸ್ಸಿಗೆ ಅರ್ಹತೆ ಸಿಗುತ್ತದೆ ಎಂದು ಭಾರತೀಯ ನರ್ಸಿಂಗ್ ಕೌನ್ಸಿಲಿನ ನಿಯಮ ಹೇಳುತ್ತದೆ. ಹತ್ತನೇ ತರಗತಿಯ ನಂತರ ವಿಜ್ಞಾನವನ್ನೇ ಮುಟ್ಟದ ಹುಡುಗಿ ಮೂರು ವಿಷಯಗಳನ್ನು ಪ್ರಾಯೋಗಿಕ ಪರೀಕ್ಷೆ ಸಮೇತ ಸ್ವಂತ ಓದಿನಿಂದ ಪಾಸಾಗಿ, ಆಮೇಲೆ ಸಿಇಟಿ ಬರೆಯಬೇಕು. ಒಂದೂವರೆ-ಎರಡು ವರ್ಷದ ಈ ಸಾಹಸ ಕೈಕೊಟ್ಟರೆ ಏನೂ ಉಳಿಯುವುದಿಲ್ಲ. ಮೂರು ವರ್ಷಕ್ಕೆ ಜಿಎನ್‌ಎಂ ಮುಗಿದು ನೋಂದಣಿ ಸಿಗುತ್ತದೆ, ಮೇಲೆ ಜಿಎನ್‌ಎಂ ಆದವರಿಗೆಂದೇ ಇರುವ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಓದಿದರೆ ಪದವಿಯೂ ಸಿಗುತ್ತದೆ. ಅವಳಿಗೆ ಅದೇ ಸರಿಯಾದ ದಾರಿ ಎಂಬುದು ನಮ್ಮ ಅಭಿಪ್ರಾಯ, ಮನೆಯವರೂ ಅದನ್ನೇ ಒಪ್ಪಿದರು.

ಆಗ ನೆಂಟರೊಬ್ಬರು ಎತ್ತಿದ ಅನುಮಾನ: "ಜಿಎನ್‌ಎಂ ಮುಚ್ಚುತ್ತಾರಂತೆ." ಸುದ್ದಿಗೆ ಬುಡವಿಲ್ಲದಿಲ್ಲ. ಎಲ್ಲವನ್ನೂ ಪದವಿ ಮಟ್ಟಕ್ಕೆ ತರಲು ಜಿಎನ್‌ಎಂ ಕೋರ್ಸನ್ನು ಹಂತಹಂತವಾಗಿ ನಿಲ್ಲಿಸುವ ಪ್ರಸ್ತಾಪ 2019ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಮಟ್ಟದಲ್ಲೇ ಬಂದಿತ್ತು, ಆದರೆ ಜಾರಿಯಾಗಲಿಲ್ಲ. ಮುಂದೆಂದಾದರೂ ಕೋರ್ಸು ನಿಂತರೂ ಆಗಲೇ ರಿಜಿಸ್ಟರಿನಲ್ಲಿರುವ ಹೆಸರು ಅದರಿಂದ ಅಳಿಸಿಹೋಗುವುದಿಲ್ಲ.

ಶಾಲೆಯನ್ನು ಅಳೆಯುವುದು ಹೇಗೆ

ಈ ಪ್ರಕರಣದಲ್ಲಿ ಅತಿ ಹೆಚ್ಚು ಸಮಯ ಕೊಟ್ಟದ್ದು ಇಲ್ಲಿಗೆ. ಕೊಡಬೇಕಾದ್ದೂ ಇಲ್ಲಿಗೇ. ನರ್ಸಿಂಗ್ ಶಾಲೆ ಆರಿಸುವಾಗ ಜನ ಕಟ್ಟಡ, ಹಾಸ್ಟೆಲ್, ಬಸ್ಸು ನೋಡುತ್ತಾರೆ. ನೋಡಬೇಕಾದ್ದು ಕಾಗದ ಮತ್ತು ವಾರ್ಡು.

ಕಾಗದದಲ್ಲಿ ಮೂರು ಸಂಸ್ಥೆಗಳ ಹೆಸರಿರುತ್ತದೆ, ಮೂರರ ಕೆಲಸವೂ ಬೇರೆ. ಭಾರತೀಯ ನರ್ಸಿಂಗ್ ಕೌನ್ಸಿಲ್ 1947ರ ಕಾಯ್ದೆಯಡಿ ಹುಟ್ಟಿದ್ದು. ಪಠ್ಯಕ್ರಮ, ಕನಿಷ್ಠ ಮಾನದಂಡ ಅದರದು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ 1961ರ ರಾಜ್ಯ ಕಾಯ್ದೆಯಡಿ ಕೆಲಸ ಮಾಡುತ್ತದೆ. ಶಾಲೆಗೆ ಮಾನ್ಯತೆ ಕೊಡುವುದು, ಕೊನೆಗೆ ಹೆಸರು ನೋಂದಾಯಿಸುವುದು ಅದೇ. ಪರೀಕ್ಷೆ ನಡೆಸುವುದು ಜಿಎನ್‌ಎಂಗಾದರೆ ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ, ಬಿಎಸ್ಸಿಗಾದರೆ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. "ಸರ್ಕಾರಿ ಮಾನ್ಯತೆ ಇದೆ" ಎಂಬ ಒಂದೇ ಸಾಲಿನ ಉತ್ತರಕ್ಕೆ ಬೆಲೆಯಿಲ್ಲ. ಯಾವ ಕೋರ್ಸಿಗೆ, ಯಾವ ಶೈಕ್ಷಣಿಕ ವರ್ಷಕ್ಕೆ, ಎಷ್ಟು ಸೀಟಿಗೆ ಎಂದು ಕೇಳಿ ಆದೇಶದ ಪ್ರತಿಯನ್ನೇ ನೋಡಬೇಕು. ಬಿಎಸ್ಸಿಗೆ ಅನುಮತಿಯಿದ್ದು ಜಿಎನ್‌ಎಂಗೆ ಇಲ್ಲದ ಸಂಸ್ಥೆಗಳಿವೆ. 40 ಸೀಟಿಗೆ ಅನುಮತಿ ಪಡೆದು 55 ಜನರಿಂದ ಶುಲ್ಕ ಕಟ್ಟಿಸಿಕೊಂಡರೆ ಹೆಚ್ಚುವರಿ 15 ಮಂದಿಯ ಪಾಡು ಪರೀಕ್ಷೆಯ ಹೊತ್ತಿಗೆ ಬಯಲಾಗುತ್ತದೆ.

ಕರ್ನಾಟಕದಲ್ಲಿ ಇನ್ನೊಂದು ಗೊಂದಲವಿದೆ. ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಅಧಿಕಾರ ಕೇಂದ್ರದ ಕೌನ್ಸಿಲಿಗಿಲ್ಲ, ಅದು ರಾಜ್ಯದ ಸಂಸ್ಥೆಗಳದ್ದು ಎಂದು ಕರ್ನಾಟಕ ಹೈಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತು. ಹೀಗಾಗಿ ರಾಜ್ಯ ಕೌನ್ಸಿಲಿನ ಪಟ್ಟಿಯಲ್ಲಿದ್ದು ಕೇಂದ್ರ ಕೌನ್ಸಿಲಿನ ಪಟ್ಟಿಯಲ್ಲಿ ಇಲ್ಲದ ಸಂಸ್ಥೆಗಳು ಸಿಗುತ್ತವೆ. ಕರ್ನಾಟಕದೊಳಗೆ ಕೆಲಸ ಮಾಡುವವರಿಗೆ ಇದು ದೊಡ್ಡ ತೊಡಕಲ್ಲ. ನೆರೆ ರಾಜ್ಯಕ್ಕೆ ನೋಂದಣಿ ವರ್ಗಾಯಿಸುವಾಗ, ಬ್ಯಾಂಕ್ ಸಾಲ ಕೇಳುವಾಗ, ವಿದೇಶದ ಪರಿಶೀಲನೆಯಲ್ಲಿ ಪ್ರಶ್ನೆ ಏಳುತ್ತದೆ. ಆದ್ದರಿಂದ ನಮ್ಮ ಸಲಹೆ ಒಂದೇ: ಆಯ್ಕೆ ಇರುವವರು ಎರಡೂ ಪಟ್ಟಿಯಲ್ಲಿರುವ ಸಂಸ್ಥೆಯನ್ನೇ ಹಿಡಿಯಬೇಕು. 2023ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ 1947ರ ಕಾಯ್ದೆಯ ಜಾಗಕ್ಕೆ ಬರಲೆಂದೇ ಆಗಿದ್ದು, ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ರಾಜ್ಯ ಆಯೋಗ ಎಂಬ ವ್ಯವಸ್ಥೆ ಅದರಲ್ಲಿದೆ. ಹಾಗಾಗಿ ಅರ್ಜಿ ಹಾಕುವ ವರ್ಷದ ಸುತ್ತೋಲೆಯನ್ನು ಓದದೆ ಹಿಂದಿನ ಬ್ಯಾಚಿನವರ ಮಾತು ನಂಬಿ ನಡೆಯುವುದು ಅಪಾಯ.

ಇನ್ನು ವಾರ್ಡು. ನಿಯಮದ ಪ್ರಕಾರ ಶಾಲೆಗೆ 100 ಹಾಸಿಗೆಯ ತನ್ನದೇ ಆಸ್ಪತ್ರೆ (ಪೇರೆಂಟ್ ಹಾಸ್ಪಿಟಲ್) ಇರಬೇಕು, ಹಾಸಿಗೆಗಳಲ್ಲಿ 75% ತುಂಬಿರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಎಂಬ ಲೆಕ್ಕ ಇರಬೇಕು. ಈ ಮೂರು ಅಂಕಿಗಳಿಂದಲೇ ಒಂದು ಸರಳ ಪರೀಕ್ಷೆ ಮಾಡಬಹುದು. 100 ಹಾಸಿಗೆ, 75 ರೋಗಿಗಳು, ಮೂವರಿಗೆ ಒಬ್ಬರಂತೆ ಒಂದು ಪಾಳಿಯಲ್ಲಿ 25 ವಿದ್ಯಾರ್ಥಿಗಳು ಮಾತ್ರ ಸರಿಯಾಗಿ ಕಲಿಯಲು ಸಾಧ್ಯ. ಶಾಲೆಯಲ್ಲಿ ವರ್ಷಕ್ಕೆ 60ರಂತೆ ಮೂರು ಬ್ಯಾಚು, 180 ವಿದ್ಯಾರ್ಥಿಗಳು ಎಂದಿಟ್ಟುಕೊಳ್ಳಿ. ಅವರಲ್ಲಿ ಅರ್ಧದಷ್ಟು ಮಂದಿ ಒಂದೇ ದಿನ ಪೋಸ್ಟಿಂಗ್‌ನಲ್ಲಿದ್ದರೂ (ವಾರ್ಡಿನ ತರಬೇತಿಯಲ್ಲಿದ್ದರೂ) 270 ರೋಗಿಗಳು ಬೇಕು. ಉಳಿದವರು ಎಲ್ಲಿಗೆ ಹೋಗುತ್ತಾರೆ? ಜಿಲ್ಲಾ ಆಸ್ಪತ್ರೆಗೆ ಒಪ್ಪಂದವಿದ್ದರೆ ಅದರ ಪತ್ರ ತೋರಿಸಬೇಕು. ಮಾನಸಿಕ ಆರೋಗ್ಯ ಮತ್ತು ಮಕ್ಕಳ ವಿಭಾಗದ ಪೋಸ್ಟಿಂಗ್ ಎಲ್ಲಿ ಎಂಬುದಕ್ಕೂ ಊರಿನ ಹೆಸರಿನ ಸಮೇತ ಉತ್ತರ ಬೇಕು.

ವಿದ್ಯಾರ್ಥಿನಿ ಮತ್ತು ತಾಯಿ ಮೊದಲು ನೋಡಿದ ಶಾಲೆ ಇಲ್ಲೇ ಸೋತಿತು. ಆಸ್ಪತ್ರೆಯ ಬೋರ್ಡಿನಲ್ಲಿ 100 ಹಾಸಿಗೆ. ಬೆಳಿಗ್ಗೆ 9 ಗಂಟೆಗೆ ಹೋಗಿ ನೋಡಿದರೆ ಎರಡು ಮಹಡಿ ಖಾಲಿ, ಹಾಸಿಗೆಗೆ ಹೊದಿಸಿದ ಪ್ಲಾಸ್ಟಿಕ್ಕನ್ನೂ ತೆಗೆದಿಲ್ಲ. ಹೆರಿಗೆ ರಿಜಿಸ್ಟರ್ ಕೇಳಿದರೆ ತಿಂಗಳಿಗೆ ನಾಲ್ಕೈದು ಹೆರಿಗೆ, ಬಹುಪಾಲು ಸಿಸೇರಿಯನ್. ಜಿಎನ್‌ಎಂ ವಿದ್ಯಾರ್ಥಿನಿ ಸಾಮಾನ್ಯ ಹೆರಿಗೆಗಳನ್ನು ನೋಡಿ, ಸಹಾಯ ಮಾಡಿ, ಆಮೇಲೆ ಮೇಲ್ವಿಚಾರಣೆಯಲ್ಲಿ ತಾನೇ ಮಾಡಿಸಿ ಪ್ರತಿಯೊಂದನ್ನೂ ಕೇಸ್ ಬುಕ್ಕಿನಲ್ಲಿ ಬರೆಯಬೇಕು. 60 ಮಂದಿಗೆ ತಿಂಗಳಿಗೆ ಐದು ಹೆರಿಗೆ ಎಂದರೆ ಕೇಸ್ ಬುಕ್ಕು ತುಂಬುವುದು ಒಬ್ಬರದನ್ನೊಬ್ಬರು ನಕಲು ಮಾಡಿದಾಗಲೇ. ಆ ಪುಸ್ತಕ ಪರೀಕ್ಷೆ ದಾಟಿಸಬಹುದು. ರಾತ್ರಿ ಎರಡು ಗಂಟೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದ ಬಾಣಂತಿಯ ಪಕ್ಕ ನಿಂತಾಗ ಅದು ಒಂದಿಷ್ಟೂ ನೆರವಾಗುವುದಿಲ್ಲ. ನಾವು ಇದನ್ನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಎರಡನೇ ಶಾಲೆಯ ಕಟ್ಟಡ ಹಳೆಯದು, ಹಾಸ್ಟೆಲ್ ಇಕ್ಕಟ್ಟು. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಮೂರನೇ ವರ್ಷದ ಇಬ್ಬರು ವಿದ್ಯಾರ್ಥಿನಿಯರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿದ ಪ್ರಶ್ನೆಗಳು: ಟ್ಯೂಟರ್ ವಾರ್ಡಿಗೆ ಬರುತ್ತಾರಾ? ರಾತ್ರಿ ಪಾಳಿ ಎಷ್ಟು? ಹಿಂದಿನ ಬ್ಯಾಚಿನಲ್ಲಿ ಎಷ್ಟು ಜನ ಪಾಸಾದರು? ಮಾರ್ಕ್ಸ್ ಕಾರ್ಡ್ ವಾಪಸ್ ಕೊಟ್ಟರಾ? ಪ್ರಾಂಶುಪಾಲರ ಕೊಠಡಿಯಲ್ಲಿ ಸಿಗದ ಉತ್ತರ ಕ್ಯಾಂಟೀನಿನಲ್ಲಿ ಸಿಗುತ್ತದೆ.

ಹಣ ಮತ್ತು ಮೂಲ ದಾಖಲೆ

ಏಜೆಂಟ್ ಹೇಳಿದ ಶುಲ್ಕಕ್ಕೂ ನಿಜವಾದ ಖರ್ಚಿಗೂ ನಡುವೆ ದೊಡ್ಡ ಅಂತರವಿರುತ್ತದೆ. ಬೋಧನಾ ಶುಲ್ಕವನ್ನು ಮಾತ್ರ ಹೇಳಿ, ಪರೀಕ್ಷಾ ಶುಲ್ಕ, ಸಮವಸ್ತ್ರ, ಪುಸ್ತಕ-ರೆಕಾರ್ಡು, ಬೇರೆ ಆಸ್ಪತ್ರೆಯ ಕ್ಲಿನಿಕಲ್ ಶುಲ್ಕ, ಬಸ್ಸು, ದೀಪ ಬೆಳಗುವ ಸಮಾರಂಭದ ವಂತಿಗೆ ಇವನ್ನೆಲ್ಲ ಸೇರಿದ ಮೇಲೆ ಒಂದೊಂದಾಗಿ ಕೇಳುತ್ತಾರೆ. ಮೂರೂ ವರ್ಷದ ಪೂರ್ತಿ ಲೆಕ್ಕವನ್ನು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ಸಹಿ-ಮುದ್ರೆಯೊಂದಿಗೆ ಪಡೆಯಬೇಕು. ಇದೇ ಕಾಗದ ಬ್ಯಾಂಕಿಗೂ ಬೇಕಾಗುತ್ತದೆ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳುವುದಿಲ್ಲ, ತಂದೆ ಅಥವಾ ತಾಯಿ ಸಹ-ಸಾಲಗಾರರಾದರೆ ಸಾಕು. ಆದರೆ ಕೋರ್ಸಿನ ಮಾನ್ಯತೆಯ ಪತ್ರವನ್ನು ಬ್ಯಾಂಕು ಕೇಳಿಯೇ ಕೇಳುತ್ತದೆ. ಆ ಪತ್ರ ಕೊಡಲು ಹಿಂದೆಮುಂದೆ ನೋಡುವ ಶಾಲೆಯಿಂದ ಅಲ್ಲಿಗೇ ಎದ್ದು ಬರಬಹುದು.

ವಿದ್ಯಾರ್ಥಿವೇತನ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ (ಎಸ್‌ಎಸ್‌ಪಿ) ಮೂಲಕ. ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಅರ್ಜಿ ಮಂಜೂರಾಗಿಯೂ ಹಣ ಬಾರದಿರುವುದಕ್ಕೆ ಬಹುತೇಕ ಕಾರಣ ಈ ಜೋಡಣೆಯೇ. ಖಾತೆಗೆ ಆಧಾರ್ ಕೊಟ್ಟಿದ್ದರೆ ಸಾಲದು, ನೇರ ಹಣ ವರ್ಗಾವಣೆಗೆ ಆ ಖಾತೆಯನ್ನೇ ಮ್ಯಾಪ್ ಮಾಡಿಸಬೇಕು. ಸಂಸ್ಥೆ ಪೋರ್ಟಲಿನಲ್ಲಿ ಇದೆಯೇ ಎಂಬುದನ್ನು ಸೇರುವ ಮೊದಲೇ ನೋಡಿಕೊಳ್ಳಬೇಕು.

ಮೂಲ ಅಂಕಪಟ್ಟಿಯ ವಿಷಯದಲ್ಲಿ ಬಿಗಿಯಾಗಿರಬೇಕು. ಪರಿಶೀಲನೆಗೆ ತೋರಿಸಿ, ದೃಢೀಕರಿಸಿದ ಪ್ರತಿ ಕೊಟ್ಟು, ಮೂಲವನ್ನು ಮನೆಗೆ ತರಬೇಕು. ಅನುಮೋದನೆಗೆ ಮೂಲವೇ ಬೇಕೆಂದರೆ, ಯಾವ ದಾಖಲೆ, ಯಾವ ದಿನಾಂಕಕ್ಕೆ ಕೊಟ್ಟದ್ದು, ಎಂದಿಗೆ ವಾಪಸ್ ಎಂದು ಬರೆದ ರಸೀದಿ ಪಡೆಯಬೇಕು. ಮಧ್ಯದಲ್ಲಿ ಬಿಡಬೇಕಾಗಿ ಬಂದವರು ಸಿಕ್ಕಿಬೀಳುವುದು ಇಲ್ಲೇ. ಉಳಿದ ವರ್ಷಗಳ ಶುಲ್ಕ ಕಟ್ಟದಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊಡುವುದಿಲ್ಲ ಎನ್ನುತ್ತಾರೆ. ನಮ್ಮ ಪ್ರಕರಣದಲ್ಲಿ ಏಜೆಂಟನಿಗೆ ಹಣವನ್ನೂ ಕೊಡಲಿಲ್ಲ, ದಾಖಲೆಯನ್ನೂ ಕಳಿಸಲಿಲ್ಲ. ಶುಲ್ಕವನ್ನು ಸಂಸ್ಥೆಯ ಖಾತೆಗೇ ಕಟ್ಟಿ ರಸೀದಿ ಪಡೆದರು.

ಮೂರು ವರ್ಷದೊಳಗೆ

ಮೊದಲ ವರ್ಷದಲ್ಲಿ ಜೀವವಿಜ್ಞಾನಗಳು (ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ), ಮನಶ್ಶಾಸ್ತ್ರ-ಸಮಾಜಶಾಸ್ತ್ರ, ನರ್ಸಿಂಗ್ ಫೌಂಡೇಶನ್, ಸಮುದಾಯ ಆರೋಗ್ಯ. ಎರಡನೇ ವರ್ಷ ಮೆಡಿಕಲ್-ಸರ್ಜಿಕಲ್ ನರ್ಸಿಂಗಿನ ಎರಡು ಪತ್ರಿಕೆ, ಮಾನಸಿಕ ಆರೋಗ್ಯ, ಮಕ್ಕಳ ಆರೋಗ್ಯ. ಮೂರನೇ ವರ್ಷ ಪ್ರಸೂತಿ ಮತ್ತು ಸ್ತ್ರೀರೋಗ, ಸಮುದಾಯ ಆರೋಗ್ಯದ ಎರಡನೇ ಭಾಗ, ಕೊನೆಯಲ್ಲಿ ಇಂಟರ್ನ್‌ಶಿಪ್ ಜತೆಗೆ ವಾರ್ಡ್ ಆಡಳಿತ, ಸಂಶೋಧನೆಯ ಪರಿಚಯ ಇತ್ಯಾದಿ. ಪಾಸಾಗಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಬೇರೆಬೇರೆಯಾಗಿ 50% ಬೇಕು. ಪಿಯುಸಿಯಲ್ಲಿ ಕಡಿಮೆ ಅಂಕಕ್ಕೇ ಪಾಸಾಗುವ ಲೆಕ್ಕದಲ್ಲಿ ಓದುವ ಅಭ್ಯಾಸ ಇಲ್ಲಿ ಕೆಡಿಸುತ್ತದೆ.

ಆರ್ಟ್ಸ್‌ನಿಂದ ಬಂದವರು ಮೊದಲು ಎಡವುವುದು ಜೀವವಿಜ್ಞಾನಗಳ ಪತ್ರಿಕೆಯಲ್ಲಿ. ಇವಳೂ ಅದೊಂದರಲ್ಲಿ ಬಿದ್ದು ಪೂರಕ ಪರೀಕ್ಷೆಯಲ್ಲಿ ಪಾಸಾದಳು. ಬಿದ್ದದ್ದು ಬುದ್ಧಿ ಸಾಲದೆ ಅಲ್ಲ. ಇಂಗ್ಲಿಷ್ ಪುಸ್ತಕದ ಸಾಲುಗಳನ್ನು ಬಾಯಿಪಾಠ ಮಾಡುತ್ತಿದ್ದಳು, ಚಿತ್ರ ಬರೆಯುತ್ತಿರಲಿಲ್ಲ. ನಂತರ ಪ್ರತಿ ಅಂಗವ್ಯೂಹಕ್ಕೂ ಒಂದು ಚಿತ್ರ, ಅದಕ್ಕೆ ಹೆಸರು, ಪಕ್ಕದಲ್ಲಿ ಕನ್ನಡದಲ್ಲಿ ಎರಡು ಸಾಲಿನ ವಿವರಣೆ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯುವುದು ಎಂದು ಕ್ರಮ ಬದಲಿಸಿದಳು. ಕಾರ್ಡಿ ಎಂದಿದ್ದರೆ ಹೃದಯ, ಹೆಪಾ ಎಂದಿದ್ದರೆ ಯಕೃತ್ತು, ಕೊನೆಗೆ ಐಟಿಸ್ ಬಂದರೆ ಉರಿಯೂತ, ಎಕ್ಟಮಿ ಬಂದರೆ ತೆಗೆದುಹಾಕುವುದು ಎಂದು ನೂರರಷ್ಟು ತುಂಡುಪದಗಳನ್ನು ಕಲಿತರೆ ಸಾವಿರಾರು ಪದ ತಾವಾಗಿ ಬಿಡಿಸಿಕೊಳ್ಳುತ್ತವೆ.

ಎರಡನೇ ಭಯ ಲೆಕ್ಕದ್ದು. ಇದನ್ನು ಮಾತ್ರ ಭಯವಾಗಿಯೇ ಬಿಡುವಂತಿಲ್ಲ, ಏಕೆಂದರೆ ಇಲ್ಲಿ ತಪ್ಪಿದರೆ ರೋಗಿಗೆ ಹಾನಿ. ವೈದ್ಯರು 250 ಮಿಲಿಗ್ರಾಂ ಬರೆದಿದ್ದಾರೆ, ಸೀಸೆಯ ಮೇಲೆ 5 ಮಿಲಿಲೀಟರಿನಲ್ಲಿ 500 ಮಿಲಿಗ್ರಾಂ ಎಂದಿದೆ. ಬೇಕಾದ್ದನ್ನು ಇರುವುದರಿಂದ ಭಾಗಿಸಿ, ಪ್ರಮಾಣದಿಂದ ಗುಣಿಸಬೇಕು: 250 ಭಾಗಿಸು 500, ಗುಣಿಸು 5, ಅಂದರೆ 2.5 ಮಿಲಿಲೀಟರ್. ಡ್ರಿಪ್ಪಿನ ಲೆಕ್ಕ: 500 ಮಿಲಿಲೀಟರ್ ದ್ರವ 4 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟು (ದ್ರವ ಹನಿಸುವ ಕೊಳವೆ) ಮಿಲಿಲೀಟರಿಗೆ 20 ಹನಿಯದು. 500 ಗುಣಿಸು 20 ಅಂದರೆ 10,000 ಹನಿ, 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಮಕ್ಕಳ ವಾರ್ಡಿನ ಮೈಕ್ರೋ ಸೆಟ್ಟಿನಲ್ಲಿ ಮಿಲಿಲೀಟರಿಗೆ 60 ಹನಿ, ಹಾಗಾಗಿ ಗಂಟೆಗೆ ಎಷ್ಟು ಮಿಲಿಲೀಟರೋ ನಿಮಿಷಕ್ಕೆ ಅಷ್ಟೇ ಹನಿ. ತಪ್ಪು ಹೆಚ್ಚಾಗಿ ಆಗುವುದು ಸೆಟ್ಟಿನ ಕವರಿನ ಮೇಲಿನ ಸಂಖ್ಯೆ ಓದದೆ ಹನಿ ಹೊಂದಿಸಿದಾಗ, ಮತ್ತು ಮೈಕ್ರೋಗ್ರಾಂ-ಮಿಲಿಗ್ರಾಂ ಅದಲುಬದಲಾದಾಗ. ದಿನಕ್ಕೆ ಐದು ಲೆಕ್ಕ ಮಾಡಿದರೆ ಮೂರು ತಿಂಗಳಲ್ಲಿ ಕೈ ಕೂರುತ್ತದೆ.

ಸೇರಿದ ಮೊದಲ ತಿಂಗಳಲ್ಲೇ ಹೆಪಟೈಟಿಸ್ ಬಿ ಲಸಿಕೆ ಶುರುವಾಗಬೇಕು: ಮೊದಲ ಡೋಸು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಪೋಸ್ಟಿಂಗ್‌ನಲ್ಲಿ ಬಳಸಿದ ಸೂಜಿ ಚುಚ್ಚಿಕೊಂಡರೆ ಗಾಯವನ್ನು ಹಿಂಡಬಾರದು, ಸೋಪು ನೀರಿನಲ್ಲಿ ತೊಳೆಯಬೇಕು, ತಕ್ಷಣ ವಾರ್ಡಿನ ಸಿಸ್ಟರ್‌ಗೆ ಹೇಳಬೇಕು. ಎಚ್‌ಐವಿ ತಡೆಯ ಔಷಧ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ, 28 ದಿನ ತೆಗೆದುಕೊಳ್ಳಬೇಕು. ಬೈಸಿಕೊಳ್ಳುವ ಹೆದರಿಕೆಯಿಂದ ಮುಚ್ಚಿಡುವ ವಿದ್ಯಾರ್ಥಿಗಳು ಈಗಲೂ ಇದ್ದಾರೆ. ಅವರಿಗೆ ಆ ಹೆದರಿಕೆ ಹುಟ್ಟಿಸಿದ ಹಿರಿಯರದೇ ಅದರಲ್ಲಿ ತಪ್ಪು.

ಹಾಜರಾತಿಯ ಪೆಟ್ಟು

ಎರಡನೇ ವರ್ಷ ವಿದ್ಯಾರ್ಥಿನಿಗೆ ಕಾಮಾಲೆ. ಮೂರು ವಾರ ಊರಲ್ಲಿ ಮಲಗಿದಳು. ಪರೀಕ್ಷೆಗೆ ಕೂರಲು 80% ಹಾಜರಾತಿ ಸಾಕು, ಅದು ಅವಳಿಗಿತ್ತು, ಪರೀಕ್ಷೆಯೂ ಪಾಸಾಯಿತು. ಆದರೆ ಡಿಪ್ಲೊಮಾ ಕೊಡುವ ಮುನ್ನ ಕ್ಲಿನಿಕಲ್ ಹಾಜರಾತಿ 100% ಆಗಿರಬೇಕು. ತಪ್ಪಿಸಿಕೊಂಡ 18 ಪೋಸ್ಟಿಂಗ್ ದಿನಗಳನ್ನು ಅದೇ ವಿಭಾಗದಲ್ಲಿ ಮತ್ತೆ ಮಾಡಿ ತೀರಿಸಬೇಕಿತ್ತು. ಅವಳಿಗೆ ಇದನ್ನು ಯಾರೂ ಸ್ಪಷ್ಟವಾಗಿ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮೂರನೇ ವರ್ಷದ ಫಲಿತಾಂಶ ಬಂದು ಗೆಳತಿಯರು ನೋಂದಣಿಗೆ ಅರ್ಜಿ ಹಾಕುವಾಗ ಇವಳ ಕೋರ್ಸು ಮುಗಿದ ಪತ್ರ ತಡೆಹಿಡಿಯಲಾಯಿತು. ಮಕ್ಕಳ ವಿಭಾಗದಲ್ಲಿ ಒಮ್ಮೆಗೆ ಇಂತಿಷ್ಟೇ ಜನ ಎಂಬ ಮಿತಿ ಇದ್ದುದರಿಂದ ಸರದಿ ಬರಲು ಕಾದು, 18 ದಿನದ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು. ಆ ನಡುವೆ ಬಂದ ಒಂದು ನೇಮಕಾತಿಯ ಕೊನೆಯ ದಿನ ದಾಟಿಹೋಯಿತು.

ಇದನ್ನು ತಪ್ಪಿಸುವುದು ಸುಲಭವಿತ್ತು. ಪ್ರತಿ ತಿಂಗಳ ಕೊನೆಗೆ ಲಾಗ್ ಬುಕ್ಕಿನಲ್ಲಿ ವಿಭಾಗವಾರು ಗಂಟೆಗಳನ್ನು ಕೂಡಿಸಿ, ಟ್ಯೂಟರ್ ಸಹಿ ಪಡೆದು, ಕೊರತೆ ಇದ್ದರೆ ಆ ವರ್ಷದ ರಜೆಯಲ್ಲೇ ತೀರಿಸಬೇಕು. ಕಾಯಿಲೆಯಾದರೆ ವೈದ್ಯಕೀಯ ಪ್ರಮಾಣಪತ್ರ ರಜೆಯನ್ನು ಸಮರ್ಥಿಸುತ್ತದೆ, ಗಂಟೆಗಳನ್ನು ಮನ್ನಾ ಮಾಡುವುದಿಲ್ಲ. ಬಿಎಸ್ಸಿಗೂ ಇದೇ ನಿಯಮ. ಅಲ್ಲಿ ಎಂಟನೇ ಸೆಮಿಸ್ಟರಿನಲ್ಲಿ ವಾರಕ್ಕೆ 48 ಗಂಟೆಯಂತೆ 22 ವಾರ, ಒಟ್ಟು 1,056 ಗಂಟೆಯ ಇಂಟರ್ನ್‌ಶಿಪ್ ಇರುವುದರಿಂದ ಕೊನೆಯಲ್ಲಿ ಕಾಯಿಲೆ ಬಿದ್ದವರ ಪಾಡು ಇನ್ನೂ ಕಷ್ಟ.

ನೋಂದಣಿ ಮತ್ತು ಹೆಸರಿನ ತೊಡಕು

ಡಿಪ್ಲೊಮಾ ಕೈಗೆ ಬಂದ ಮಾತ್ರಕ್ಕೆ ನರ್ಸ್ ಎಂದು ಕೆಲಸ ಮಾಡುವ ಹಕ್ಕು ಬರುವುದಿಲ್ಲ. ರಾಜ್ಯ ಕೌನ್ಸಿಲಿನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ನೋಂದಣಿಯಾದ ಮೇಲೆ ಬರುತ್ತದೆ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಮೂರೂ ವರ್ಷದ ಅಂಕಪಟ್ಟಿ, ಡಿಪ್ಲೊಮಾ, ಕೋರ್ಸು ಮುಗಿದ ಪತ್ರ, ಆಧಾರ್, ಭಾವಚಿತ್ರ, ಶುಲ್ಕ, ಇಷ್ಟು ಬೇಕು. ದೇಶಮಟ್ಟದ ನರ್ಸ್‌ಗಳ ಲೈವ್ ರಿಜಿಸ್ಟರಿಗೆ ಆಧಾರ್ ದೃಢೀಕರಣದೊಂದಿಗೆ ಸೇರಿದಾಗ ಎನ್‌ಯುಐಡಿ ಎಂಬ ಪ್ರತ್ಯೇಕ ಸಂಖ್ಯೆ ಸಿಗುತ್ತದೆ.

ಇವಳ ಅರ್ಜಿ ಇಲ್ಲಿಯೂ ಒಮ್ಮೆ ವಾಪಸಾಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ಹೆಸರಿನ ಮುಂದೆ ತಂದೆಯ ಪೂರ್ತಿ ಹೆಸರು ಮತ್ತು ಮನೆತನದ ಹೆಸರು, ಜಿಎನ್‌ಎಂ ಅಂಕಪಟ್ಟಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಬೇರೆ. ಉತ್ತರ ಕರ್ನಾಟಕದ ಹೆಸರುಗಳಲ್ಲಿ ಇದು ದಿನನಿತ್ಯದ ಸಮಸ್ಯೆ. ಸರಿಪಡಿಸುವ ಕ್ರಮ ಯಾವಾಗಲೂ ಒಂದೇ ದಿಕ್ಕಿನಲ್ಲಿರಬೇಕು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಬುನಾದಿ ಎಂದು ಹಿಡಿದು ಆಧಾರ್, ಪಾನ್, ಬ್ಯಾಂಕ್ ಖಾತೆಯನ್ನು ಅದಕ್ಕೆ ಹೊಂದಿಸುವುದು. ಆಧಾರ್‌ಗೆ ಹೊಂದಿಸಲು ಹಳೆಯ ಅಂಕಪಟ್ಟಿ ಬದಲಿಸಲು ಹೊರಟರೆ ವರ್ಷಗಟ್ಟಲೆ ಅಲೆಯಬೇಕು. ಜಿಎನ್‌ಎಂ ಅಂಕಪಟ್ಟಿಯ ಅಕ್ಷರದೋಷವನ್ನು ಮೊದಲ ವರ್ಷದ ಅಂಕಪಟ್ಟಿ ಬಂದಾಗಲೇ ಶಾಲೆಯ ಮೂಲಕ ತಿದ್ದಿಸಬಹುದಿತ್ತು. ಮೂರು ವರ್ಷದ ಮೇಲೆ ಮೂರು ಅಂಕಪಟ್ಟಿ, ಒಂದು ಡಿಪ್ಲೊಮಾ ಎಲ್ಲವನ್ನೂ ತಿದ್ದಿಸಬೇಕಾಯಿತು. ಪಾಸ್‌ಪೋರ್ಟನ್ನು ಹೀಗೆ ಹೊಂದಿಸಿದ ಮೇಲೆಯೇ ಮಾಡಿಸಬೇಕು.

ನೋಂದಣಿ ಬಾರದ ಆ ತಿಂಗಳುಗಳಲ್ಲಿ ಒಂದು ನರ್ಸಿಂಗ್ ಹೋಂ "ಬಾ, ಕೆಲಸ ಕೊಡುತ್ತೇವೆ, ರಿಜಿಸ್ಟ್ರೇಷನ್ ಆಮೇಲೆ ನೋಡೋಣ" ಎಂದು ಕರೆಯಿತು. ಹೋಗದೆ ಇದ್ದದ್ದು ಒಳ್ಳೆಯದಾಯಿತು. ನೋಂದಣಿ ಇಲ್ಲದೆ ಇಂಜೆಕ್ಷನ್ ಕೊಟ್ಟು ಏನಾದರೂ ಹೆಚ್ಚುಕಡಿಮೆಯಾದರೆ ಕಾನೂನಿನ ಮುಂದೆ ಅವಳಿಗೆ ಯಾವ ರಕ್ಷಣೆಯೂ ಇರುವುದಿಲ್ಲ.

ನೋಂದಣಿಯ ನಂತರದ ಎರಡು ವರ್ಷ

ಏಮ್ಸ್ ಸಂಸ್ಥೆಗಳು 2020ರಿಂದ ನರ್ಸಿಂಗ್ ಅಧಿಕಾರಿಗಳ ನೇಮಕಕ್ಕೆ ನಡೆಸುವ ನಾರ್ಸೆಟ್ ಪರೀಕ್ಷೆಯಲ್ಲಿ ಬಿಎಸ್ಸಿ ಅಥವಾ ಪೋಸ್ಟ್ ಬೇಸಿಕ್ ಬಿಎಸ್ಸಿ ಆದವರಿಗೆ ಅನುಭವದ ಷರತ್ತಿಲ್ಲ. ಜಿಎನ್‌ಎಂ ಆದವರಿಗೆ, ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು, ಅದೂ ಅರ್ಹತೆ ಪಡೆದ ನಂತರದ್ದು. ಈ ಹುದ್ದೆಯ ವೇತನ ಕೇಂದ್ರದ 7ನೇ ಹಂತ, ಮೂಲವೇತನ 44,900ರಿಂದ ಶುರು. ಈ ಒಂದು ಷರತ್ತು ಜಿಎನ್‌ಎಂ ಮುಗಿಸಿದವರು ಮೊದಲ ಕೆಲಸ ಎಲ್ಲಿ ಹಿಡಿಯಬೇಕೆಂಬುದನ್ನು ತೀರ್ಮಾನಿಸಬೇಕು. ಮನೆಗೆ ಹತ್ತಿರವೆಂದು 20 ಹಾಸಿಗೆಯ ನರ್ಸಿಂಗ್ ಹೋಂನಲ್ಲಿ ನಾಲ್ಕು ವರ್ಷ ದುಡಿದರೂ ಅದು ಇಲ್ಲಿ ಲೆಕ್ಕಕ್ಕಿಲ್ಲ. ವಿದ್ಯಾರ್ಥಿನಿ ಹುಬ್ಬಳ್ಳಿಯ ದೊಡ್ಡ ಖಾಸಗಿ ಆಸ್ಪತ್ರೆಯೊಂದಕ್ಕೆ, ತುಸು ಕಡಿಮೆ ಸಂಬಳಕ್ಕೆ, ಸೇರಿದಳು. ಅನುಭವ ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆ, ವಿಭಾಗ, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ ನಾಲ್ಕೂ ಇರುವಂತೆ ನೋಡಿಕೊಳ್ಳಬೇಕು. ಹಾಸಿಗೆಗಳ ಸಂಖ್ಯೆ ಬಿಟ್ಟುಹೋದ ಪತ್ರವನ್ನು ದಾಖಲೆ ಪರಿಶೀಲನೆಯಲ್ಲಿ ಒಪ್ಪುವುದಿಲ್ಲ. ಕೆಲಸ ಬಿಟ್ಟು ಎರಡು ವರ್ಷದ ಮೇಲೆ ಹೋಗಿ ತಿದ್ದಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನೂ ಜೋಡಿಸಿಟ್ಟುಕೊಳ್ಳಬೇಕು.

ಪೋಸ್ಟ್ ಬೇಸಿಕ್ ಬಿಎಸ್ಸಿಗೆ ಜಿಎನ್‌ಎಂ ಮತ್ತು ನೋಂದಣಿ ಎರಡೂ ಬೇಕು. ಎರಡು ವರ್ಷದ ಪೂರ್ಣಾವಧಿ ಓದು. ಕೆಲಸ ಮಾಡುತ್ತಲೇ ಹಾಜರಾತಿ "ಹೊಂದಿಸಿ" ಪದವಿ ಕೊಡಿಸುತ್ತೇವೆ ಎನ್ನುವ ಸಂಸ್ಥೆಗಳಿಂದ ದೂರವಿರಬೇಕು. ಒಂದೇ ಅವಧಿಗೆ ಪೂರ್ಣಾವಧಿ ಕೆಲಸದ ಅನುಭವ ಪತ್ರವೂ ಪೂರ್ಣಾವಧಿ ಕೋರ್ಸಿನ ಟ್ರಾನ್ಸ್‌ಕ್ರಿಪ್ಟೂ (ಓದಿನ ವಿವರಪಟ್ಟಿ) ಇದ್ದರೆ ಪರಿಶೀಲಿಸುವವರ ಕಣ್ಣಿಗೆ ಬೀಳುವುದು ಖಚಿತ, ಆಗ ಎರಡೂ ಸುಳ್ಳೆಂದು ತಿರಸ್ಕಾರವಾಗುತ್ತವೆ. ಎಂಎಸ್ಸಿ ಓದುವ ಆಸೆಯಿದ್ದರೆ ಪೋಸ್ಟ್ ಬೇಸಿಕ್‌ನಲ್ಲಿ 55% ದಾಟಬೇಕು. ಬೇಕಾದ ಒಂದು ವರ್ಷದ ಅನುಭವವನ್ನು ಪೋಸ್ಟ್ ಬೇಸಿಕ್‌ಗೆ ಮುಂಚೆ ಮಾಡಿದ್ದರೂ ಒಪ್ಪುತ್ತಾರೆ, ಹಾಗಾಗಿ ಹುಬ್ಬಳ್ಳಿಯ ಎರಡು ವರ್ಷ ಅಲ್ಲಿಯೂ ಕೈಹಿಡಿಯುತ್ತದೆ.

ವಿದೇಶದ ಮಾತು ಮನೆಯಲ್ಲಿ ಈಗಾಗಲೇ ಬಂದಿದೆ. ಬ್ರಿಟನ್ನಿಗೆ ಹೋಗುವವರು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಪಡೆಯಬೇಕು, ಆಮೇಲೆ ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಹತ್ತು ಸ್ಟೇಷನ್‌ಗಳ ಪ್ರಾಯೋಗಿಕ ಪರೀಕ್ಷೆ. ಅಮೆರಿಕದ ನರ್ಸ್ ಪರವಾನಗಿ ಪರೀಕ್ಷೆ ಎನ್‌ಕ್ಲೆಕ್ಸ್ 2023ರ ಏಪ್ರಿಲ್‌ನಿಂದ ಹೊಸ ಮಾದರಿಯದು, 85ರಿಂದ 150 ಪ್ರಶ್ನೆ, ಐದು ಗಂಟೆ, ಬೆಂಗಳೂರಿನಲ್ಲೇ ಬರೆಯಬಹುದು. ಎಲ್ಲ ದೇಶಗಳೂ ಕೇಳುವುದು ಶಾಲೆಯಿಂದ ವಿಷಯವಾರು ಥಿಯರಿ ಮತ್ತು ಕ್ಲಿನಿಕಲ್ ಗಂಟೆಗಳ ಟ್ರಾನ್ಸ್‌ಕ್ರಿಪ್ಟ್, ಕೌನ್ಸಿಲಿನಿಂದ ನೋಂದಣಿಯ ದೃಢೀಕರಣ. ಶಾಲೆ ಮುಚ್ಚಿಹೋಗಿದ್ದರೆ ಟ್ರಾನ್ಸ್‌ಕ್ರಿಪ್ಟ್ ಕೊಡುವವರೇ ಇರುವುದಿಲ್ಲ, ಆದ್ದರಿಂದ ಕೋರ್ಸು ಮುಗಿದ ವರ್ಷವೇ ಎರಡು ಮೊಹರು ಮಾಡಿದ ಪ್ರತಿ, ಒಂದು ತೆರೆದ ಪ್ರತಿ ಪಡೆದಿಡುವುದು ಜಾಣತನ. ಇವಳು ಪಡೆದಿದ್ದಾಳೆ.

ಬೇರೆ ರಾಜ್ಯಕ್ಕೆ ಹೋಗುವುದಾದರೆ ಕರ್ನಾಟಕ ಕೌನ್ಸಿಲಿನಿಂದ ನಿರಾಕ್ಷೇಪಣಾ ಪತ್ರ ಪಡೆದು ಅಲ್ಲಿನ ಕೌನ್ಸಿಲಿನಲ್ಲಿ ನೋಂದಾಯಿಸಿಕೊಳ್ಳಬೇಕು. ಎಲ್ಲೇ ಇದ್ದರೂ ಐದು ವರ್ಷಕ್ಕೊಮ್ಮೆ ನವೀಕರಣ ಇದ್ದೇ ಇದೆ. ಅದಕ್ಕೆ ನಿರಂತರ ನರ್ಸಿಂಗ್ ಶಿಕ್ಷಣದ 150 ಗಂಟೆ, ಅಂದರೆ ವರ್ಷಕ್ಕೆ 30 ಗಂಟೆ, ತೋರಿಸಬೇಕು. ನಾಲ್ಕು ವರ್ಷ ಸುಮ್ಮನಿದ್ದು ಕೊನೆಯ ವರ್ಷ ಕಾರ್ಯಾಗಾರದಿಂದ ಕಾರ್ಯಾಗಾರಕ್ಕೆ ಓಡುವವರು ಬಹಳ. ಕೌನ್ಸಿಲ್ ಕ್ರೆಡಿಟ್ ಅಂಕ ಕೊಟ್ಟಿರುವ ಕಾರ್ಯಾಗಾರವೇ ಎಂದು ಆಹ್ವಾನ ಪತ್ರದಲ್ಲಿ ನೋಡಿಕೊಂಡು, ಪ್ರಮಾಣಪತ್ರದಲ್ಲಿ ಗಂಟೆಗಳ ಸಂಖ್ಯೆ ಮತ್ತು ತನ್ನ ನೋಂದಣಿ ಸಂಖ್ಯೆ ಬರೆಸಿಕೊಂಡೇ ಅಲ್ಲಿಂದ ಏಳಬೇಕು.